ಆಯಿಯ ಅಂಗೈ, ಅಕ್ಕೋರ ಕನ್ನಡಕ

ಹೋದ ತಿಂಗಳು ಕಲಬುರಗಿಯ ಸೇಡಂ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಹೊಸ ಡಬ್ಬಿಯೊಂದರ ಮುಚ್ಚಳ ತೆರೆದಾಗ ರೆಕ್ಸಿನ್ ಮತ್ತು ಅಂಟಿನ ವಾಸನೆ ಮೂಗಿಗೆ ಬಡಿಯಿತು. ದೂರದ್ದಕ್ಕೆಂದು ಬಾಲ್ಯದಿಂದ ಹಾಕುತ್ತಿರುವ ಕನ್ನಡಕ ಸಾಲದೆಂದು, ಹತ್ತಿರದ್ದಕ್ಕೂ ಗಾಜು ಬೇಕೆಂದು ವೈದ್ಯರು ಬರೆದುಕೊಟ್ಟಿದ್ದರು. ಅದೇ ವಾಸನೆ... ಕಮಲಾಪುರದ ಹೈಸ್ಕೂಲಿನಲ್ಲಿ ನಮಗೆ ಇತಿಹಾಸ ಕಲಿಸುತ್ತಿದ್ದ ಅಕ್ಕೋರ ಕೈಚೀಲದಿಂದ ಬರುತ್ತಿದ್ದುದು.

ಶಿಕ್ಷಕಿಯರನ್ನು ನಾವು ಅಕ್ಕೋರು ಎಂದೇ ಕರೆಯುತ್ತಿದ್ದೆವು. ಅವರು ಕಲಬುರಗಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ತರಗತಿಯಲ್ಲಿ ನಮ್ಮದೇ ಕನ್ನಡ. ನಮ್ಮ ಪಠ್ಯಪುಸ್ತಕದಲ್ಲಿ ಮಧ್ಯಯುಗವೆಂದರೆ ಅರಸರ ಪಟ್ಟಿ, ಯುದ್ಧಗಳ ಪಟ್ಟಿ. ಅಕ್ಕೋರು ಅದನ್ನು ಬೇಗ ಮುಗಿಸಿ, ಶನಿವಾರಕ್ಕೊಮ್ಮೆ ಒಬ್ಬೊಬ್ಬಳಿಗೆ ಮನೆಯಿಂದ ಒಂದು ವಸ್ತು ತರಲು ಹೇಳುತ್ತಿದ್ದರು. ತಂದ ವಸ್ತುವನ್ನು ಮೇಜಿನ ಮೇಲಿಟ್ಟು, ಅದು ಯಾವ ಶತಮಾನದಲ್ಲಿ ಯಾರ ಕೈಯಿಂದ ಯಾರ ಕೈಗೆ ದಾಟಿ ಕಮಲಾಪುರಕ್ಕೆ ಬಂತೆಂದು ಹೇಳುವುದು ಅವರ ಕ್ರಮ. ಒಂದು ಹಾಳೆ ಚೀನಾದಿಂದ ಸಮರಖಂದಕ್ಕೆ, ಅಲ್ಲಿಂದ ಬಾಗ್ದಾದಿಗೆ ನಡೆದ ದಾರಿಯನ್ನು ನಾವು ಕಂಡದ್ದು ಹಾಗೆ. ನಮ್ಮ ಸೊನ್ನೆ ಅರಬರ ಜೊತೆ ಯುರೋಪು ಸೇರಿದ್ದೂ ಹಾಗೆಯೇ. ಅಂಗಿಗೆ ಗುಂಡಿ ಬಂದದ್ದೂ ಆ ಕಾಲದಲ್ಲೇ ಎಂದು ಕೇಳಿದ ಗೆಳತಿಯೊಬ್ಬಳು ಮುಂದಿನ ವಾರ ಅಣ್ಣನ ಹೊಸ ಅಂಗಿಯ ಗುಂಡಿ ಕಿತ್ತು ತಂದು, ಮನೆಯಲ್ಲಿ ಪೆಟ್ಟು ತಿಂದಳು. ಇತಿಹಾಸಕ್ಕಾಗಿ ಪೆಟ್ಟು ತಿಂದವರ ಸಾಲಿಗೆ ನೀನೂ ಸೇರಿದಿ ಎಂದು ಅಕ್ಕೋರು ಅವಳನ್ನು ನಗಿಸಿದರು.

ನನಗೆ ಕಪ್ಪು ಹಲಗೆ ಕಾಣುತ್ತಿರಲಿಲ್ಲ. ಪಕ್ಕದವಳ ವಹಿ ನೋಡಿ ಬರೆಯುತ್ತಿದ್ದೆ. ಅವಳು ಬಾರದ ದಿನ ನನ್ನ ಹಾಳೆ ಖಾಲಿ. ದಡ್ಡಿ ಎಂಬ ಹೆಸರು ಬಂದಿತ್ತು. ಪರೀಕ್ಷೆಯಲ್ಲಿ ಎರಡು ವಿಷಯ ಹೋದಾಗ ಅಪ್ಪ ಶಾಲೆ ಬಿಡಿಸುವ ಮಾತಾಡಿದರು. ಕಣ್ಣಿನ ದೋಷವನ್ನು ಮನೆಯವರು ಅರಿಯದವರೇನಲ್ಲ. ಆದರೆ ಕನ್ನಡಕ ಹಾಕಿದ ಹುಡುಗಿಗೆ ವರ ಸಿಗುವುದಿಲ್ಲವೆಂದು ಆಯಿ, ಅಂದರೆ ಅಪ್ಪನ ತಾಯಿ, ನಿರ್ಧರಿಸಿಬಿಟ್ಟಿದ್ದರು. ಅಣ್ಣನಿಗೆ ಏಳನೆಯ ತರಗತಿಯಲ್ಲೇ ಕನ್ನಡಕ ಬಂದಿತ್ತು. ಅದು ಅವನಿಗೆ ಶೋಭೆ ತಂದಿತ್ತು. ಹೆಣ್ಣಿನ ಮುಖವನ್ನು ಮದುವೆಗಾಗಿ ಕಾಯ್ದಿಟ್ಟು ಅವಳ ಕಣ್ಣನ್ನು ಕಳೆಯುವ ಈ ಲೆಕ್ಕವನ್ನು ನಾನು ಇಂದಿಗೂ ಅನ್ಯಾಯವೆಂದೇ ಕರೆಯುತ್ತೇನೆ.

ಶಾಲೆ ಬಿಡಿಸುವ ಸುದ್ದಿ ತಿಳಿದ ಅಕ್ಕೋರು ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಪಡಸಾಲೆಯಲ್ಲಿ ಆಯಿಯ ಲಿಂಗಪೂಜೆ ಮುಗಿಯುತ್ತಿತ್ತು. ಎಡ ಅಂಗೈಯಲ್ಲಿ ಇಷ್ಟಲಿಂಗ, ಎದುರಿಗೆ ದೀಪ. ಲಿಂಗದ ಕರಿ ಮೈಯಲ್ಲಿ ದೀಪದ ಕುಡಿ ಮೂಡುತ್ತದೆ. ಅದರಲ್ಲಿ ದೃಷ್ಟಿ ನಿಲ್ಲಿಸಬೇಕು. ಆಯಿ ಅಂಗೈಯನ್ನು ಹತ್ತಿರ ತಂದರು, ದೂರ ಒಯ್ದರು, ಮತ್ತೆ ತಂದರು... ಅಕ್ಕೋರು ಅದನ್ನೇ ನೋಡುತ್ತ ಕಂಬದ ಪಕ್ಕದಲ್ಲಿ ಕೂತರು.

ಅವ್ವ ಅವರಿಗೆ ಚಹಾ ತಂದಳು, ಗಾಜಿನ ಲೋಟದಲ್ಲಿ. ನಮ್ಮ ಉಳಿದ ಲೋಟಗಳು ಸ್ಟೀಲಿನವು. ಆ ಒಂದು ಗಾಜಿನ ಲೋಟ ಹಿತ್ತಲ ಕಿಟಕಿಯ ಮೇಲೆ ಬೇರೆಯಾಗಿರುತ್ತಿತ್ತು. ಯಾರಿಗಾಗಿ ಎಂದು ಎಲ್ಲರಿಗೂ ಗೊತ್ತಿತ್ತು.

ಅಕ್ಕೋರು ನನ್ನ ಶಾಲೆಯ, ಕಣ್ಣಿನ ಮಾತು ತೆಗೆಯುತ್ತಲೇ ಆಯಿ ಕೇಳಿದರು, “ಚಸ್ಮಾ ಹಾಕ್ಕೊಂಡ ಹುಡುಗಿನ್ನ ಯಾರು ಮಾಡ್ಕೋತಾರ್ರಿ ಅಕ್ಕೋರ? ನೀವು ಮಾಡಿಸ್ತೀರೇನು ಮದಿವಿ?”

ಅಕ್ಕೋರು ನಕ್ಕರು. ತಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಆಯಿಯ ಕೈಗೆ ಕೊಡಲಿಲ್ಲ. ನಮ್ಮ ಮನೆಯ ರೀತಿ ಅವರಿಗೆ ತಿಳಿದಿತ್ತು. ಚಾಪೆಯ ಮೇಲೆ ಇಟ್ಟು ಮುಂದೆ ಸರಿಸಿದರು.

“ಮೊಮ್ಮಗಳ ಮಾತು ಇರ್ಲಿ ಆಯಿ. ಇಟಲಿ ದೇಶದಾಗ ಮೊದಲ ಚಸ್ಮಾ ಮಾಡಿದ್ದೇ ನಿಮ್ಮಂಥ ಹಿರ್ಯಾರ ಸಲುವಾಗಿ, ಹತ್ತಿರದ್ದು ನೋಡ್ಲಿಕ್ಕೆ. ದೂರದ್ದು ಆಮ್ಯಾಲೆ ಬಂತು. ಮೊದಲ ಪಾಳಿ ನಿಮ್ದು.”

ಆಯಿ ಬಹಳ ಹೊತ್ತು ಅದನ್ನೇ ನೋಡಿದರು. ಬಲಗೈಯಿಂದ ಎತ್ತಿ ಮೂಗಿನ ಮೇಲೆ ಇಟ್ಟುಕೊಂಡು, ಲಿಂಗ ಇನ್ನೂ ಇದ್ದ ಎಡ ಅಂಗೈಯ ಕಡೆ ತಲೆ ಬಾಗಿಸಿದರು.

“ದೀಪ ಕಾಣಾಕತ್ತದ” ಎಂದರು ಮೆಲ್ಲಗೆ. “ಕುಡಿ ಕಾಣಾಕತ್ತದ... ಎಷ್ಟು ವರ್ಷ ಆಗಿತ್ತು.”

ಪೂಜೆ ಮುಗಿದಿತ್ತು, ಆದರೂ ಅವರು ಇನ್ನೂ ಒಂದಷ್ಟು ಹೊತ್ತು ಹಾಗೇ ಕೂತರು. ಆಮೇಲೆ ಅಪ್ಪನ ಕಡೆ ತಿರುಗಿ, ಈಕೆಗೂ ಒಂದು ಕೊಡಿಸು ಎಂದಷ್ಟೇ ಹೇಳಿದರು. ನನ್ನ ಓದು ಉಳಿಯಿತು.

ತಮ್ಮದನ್ನು ಅಕ್ಕೋರು ವಾಪಸು ತೆಗೆದುಕೊಳ್ಳಲಿಲ್ಲ. ತಮ್ಮ ಬಳಿ ಇನ್ನೊಂದಿದೆ ಎಂದರು. ಆಯಿ ಅವರಿಗೆ ಹಿತ್ತಲ ಗಿಡದ ಕೆಂಪು ಬಾಳೆಹಣ್ಣು ಕೊಟ್ಟರು. ಸಿಪ್ಪೆಯಿರುವ ಹಣ್ಣು ಕೊಡಲು ಮೈಲಿಗೆಯ ಅಡ್ಡಿಯಿರಲಿಲ್ಲ. ಮುಂದಿನ ಕೆಲವು ದಿನ ಅಕ್ಕೋರು ಪುಸ್ತಕ ತೆರೆಯದೆ, ನಮ್ಮಿಂದಲೇ ಓದಿಸಿ ಪಾಠ ಮಾಡಿದಾಗ ಇನ್ನೊಂದು ಇರಲಿಲ್ಲವೆಂದು ತಿಳಿಯಿತು.

ಆ ಭಾನುವಾರ ನಮ್ಮ ಪಡಸಾಲೆಯಲ್ಲಿ ಏನೇನು ಕೂಡಿತ್ತೆಂದು ಈಗ ಯೋಚಿಸುತ್ತೇನೆ. ಕತ್ತಲೆಯ ಕೋಣೆಯಲ್ಲಿ ಕೂತು ಬೆಳಕಿನ ನಡೆಯನ್ನು ಅಳೆದ ಅರಬ ವಿದ್ವಾಂಸರ ಶ್ರಮ. ಇಟಲಿಯ ಹೆಸರಿಲ್ಲದ ಕುಶಲಕರ್ಮಿಗಳು ಉಜ್ಜಿದ ಗಾಜು. ಇಲ್ಲಿಗೆ ದೂರವಲ್ಲದ ಕಲ್ಯಾಣದಲ್ಲಿ ಗುಡಿಯೂ ಪೂಜಾರಿಯೂ ಬೇಡವೆಂದು, ಕುಲ ಕೇಳಬಾರದೆಂದು ಶರಣರು ಪ್ರತಿಯೊಬ್ಬರ ಅಂಗೈಗೆ ತಂದ ದೇವರು. ಎಲ್ಲವೂ ಮಧ್ಯಯುಗದವೇ. ಲೋಟವನ್ನು ಕಿಟಕಿಯ ಮೇಲಿಟ್ಟವರು ಮಾತ್ರ ನಾವು. ಅಂಗೈಯ ಮೇಲೆ ಸಮಾನತೆಯನ್ನು ಹಿಡಿದ ಮನೆಯಲ್ಲೇ ನಡೆದ ಅದು ಅಸ್ಪೃಶ್ಯತೆ. ಅದಕ್ಕೆ ಸಂಪ್ರದಾಯವೆಂಬ ಮೆತ್ತನೆಯ ಹೆಸರು ಸಲ್ಲದು.

ನಿವೃತ್ತಿಯಾದ ಮೇಲೆ ಅಕ್ಕೋರಿಗೆ ಕಲಬುರಗಿಯಲ್ಲೇ ಬಾಡಿಗೆ ಮನೆ ಬದಲಿಸಬೇಕಾಯಿತು. ನಾನು ಆಗ ಅದೇ ಊರಿನ ಜೇವರ್ಗಿ ಕಾಲೋನಿಯ ಹಾಸ್ಟೆಲಿನಲ್ಲಿದ್ದೆ, ಜೊತೆಗೆ ಹುಡುಕಿದೆ. ಫೋನಿನಲ್ಲಿ ಖಾಲಿಯಿದ್ದ ಮನೆ ಹೆಸರು ಕೇಳಿದ ಮೇಲೆ ಭರ್ತಿಯಾಗುತ್ತಿತ್ತು. ಸಿಟ್ಟಿನಿಂದ ಪತ್ರಿಕೆಗೆ ಒಂದು ಹೇಳಿಕೆ ಬರೆದು ಅವರಿಗೆ ಓದಿ ತೋರಿಸಿದೆ. ಇದು ಮಧ್ಯಯುಗದ ಮನಸ್ಸು ಎಂಬಲ್ಲಿಗೆ ಬಂದಾಗ ಅವರು ಕೈಯೆತ್ತಿ ತಡೆದರು.

“ಆ ಕಾಲದವರ ಮ್ಯಾಲೆ ಯಾಕ ಹಾಕ್ತಿ ಬೇಟಿ? ಅವರು ನಿನಗ ಚಸ್ಮಾ ಕೊಟ್ಟಾರ. ಮನಿ ಇಲ್ಲ ಅಂದಾಂವ ಇವತ್ತಿನಾಂವ. ಇವತ್ತಿನ ಹೆಸರೇ ಬರಿ.”

ಬರೆದೆ. ಹೇಳಿಕೆ ಅಚ್ಚಾಯಿತು, ಮನೆ ಸಿಗಲಿಲ್ಲ. ಅಕ್ಕೋರು ತಂಗಿಯ ಮನೆಯ ಒಂದು ಕೋಣೆಯಲ್ಲಿ ಉಳಿದರು, ಅಲ್ಲೇ ತೀರಿಕೊಂಡರು.

ಆಯಿ ಅದಕ್ಕೂ ಮೊದಲೇ ಹೋಗಿದ್ದರು. ಲಿಂಗವನ್ನು ಅಂಗೈಯಲ್ಲಿಟ್ಟೇ ಸಮಾಧಿ ಮಾಡಿದರು; ಕನ್ನಡಕವನ್ನು ಅವ್ವ ತೆಗೆದಿಟ್ಟಳು. ಕಡೆಯವರೆಗೂ ಆಯಿ ಅದನ್ನು ಹಾಕಿಕೊಂಡೇ ಪೂಜಿಸಿದರು. ಅಕ್ಕೋರು ಆಮೇಲೂ ಎಷ್ಟೋ ಸಲ ಬಂದರು, ಆಯಿ ಅವರ ದಾರಿಯನ್ನೇ ಕಾಯುತ್ತಿದ್ದರು... ಚಹಾ ಮಾತ್ರ ಗಾಜಿನ ಲೋಟದಲ್ಲೇ ಬಂತು.

ಅಂಗಡಿಯವರು ಹೊಸ ಕನ್ನಡಕ ಹಾಕಿಸಿ, ಏನಾದರೂ ಹತ್ತಿರ ಹಿಡಿದು ನೋಡ್ರಿ ಎಂದರು. ಓದಲು ಏನೂ ಇರಲಿಲ್ಲ. ಎಡ ಅಂಗೈ ಹಿಡಿದೆ. ಒಂದೊಂದು ಗೆರೆಯೂ ಸ್ಪಷ್ಟವಾಗಿತ್ತು. ಅಷ್ಟರಲ್ಲಿ ಅಂಗಡಿಯ ಚಹಾ ಬಂತು, ಎಲ್ಲರಿಗೂ ಒಂದೇ ಬಗೆಯ ಕಾಗದದ ಕಪ್ಪಿನಲ್ಲಿ. ನಮ್ಮ ಮನೆಯ ಸ್ಟೀಲಿನ ಲೋಟ ಒಮ್ಮೆಯೂ ಅಕ್ಕೋರ ಕೈ ಸೇರಲಿಲ್ಲ. ಈಗ ಲೋಟವಿದೆ, ಕೊಡಬಹುದಾದ ಮನೆಯೂ ನನ್ನದೇ. ಅವರಿಲ್ಲ.