ಚಿಲಕದ ಬಂದೂಕು

ಆ ಭಾನುವಾರದಲ್ಲಿ ಏನೂ ವಿಶೇಷವಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಮನೆಗೆ ಬಂದವರೆಲ್ಲ, "ಏನಾರ ಸೂಚನೆ ಸಿಕ್ಕಿತ್ತೇನವ್ವ ನಿಂಗೆ?" ಎಂದು ಕೇಳಿದರು. ಸೂಚನೆ ಸಿಕ್ಕಿದ್ದರೆ ನಾನು ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದೆನೇ? ಮಧ್ಯಾಹ್ನ ಮುದ್ದೆ, ಉಪ್ಸಾರು ಉಂಡಾಗಿತ್ತು. ನಮ್ಮ ಯಜಮಾನರು ಗೋಡೆಗೆ ದಿಂಬು ಆನಿಸಿಕೊಂಡು ಟಿವಿ ಹಾಕಿದರು. ಚೀನಾ ಯುದ್ಧದ ಸಿನಿಮಾ. ಹಿಮದ ಬೆಟ್ಟ, ಹಿಂದಿ ಮಾತು, ನಡುನಡುವೆ ಒಂದು ಹಾಡು.

ಐದು ನಿಮಿಷವೂ ಆಗಿರಲಿಲ್ಲ.

"ಸುಳ್ಳು ಕಣಮ್ಮಿ ಇದು. ಆ ಯುದ್ದದಲ್ಲಿ ಈ ರೈಫಲ್ ಎಲ್ಲಿತ್ತು? ಇದು ಬಂದದ್ದೇ ಆಮೇಕೆ."

ನಾನು ಹೂಂಗುಟ್ಟಿದೆ. ಇನ್ನೆರಡು ನಿಮಿಷಕ್ಕೆ ಮತ್ತೆ, "ನೋಡು, ನೋಡು, ಇಪ್ಪತ್ ಗುಂಡು ಇಡಿಯೋ ಮ್ಯಾಗಜಿನ್ನು. ನಾನು ಎಣಿಸ್ತಾವ್ನಿ, ಮೂವತ್ನಾಕು ಒಡ್ದ."

ವಾರವೆಲ್ಲ ನಾನು ಕೆಲಸ ಮಾಡುವ ಅಂಗನವಾಡಿಯ ಮಕ್ಕಳ ಗಲಾಟೆ ಕೇಳಿ ನನಗೆ ತಲೆ ಸಿಡಿಯುತ್ತಿತ್ತು. ಎಷ್ಟೋ ವರ್ಷದಿಂದ ಕೇಳಿದ ಮಾತೇ. "ಒಂದ್ ದಿನಾನಾರ ಬಾಯ್ ಮುಚ್ಕೊಂಡು ಸಿನ್ಮಾ ನೋಡಿ. ಸಾಯೋನು ಸಾಯ್ತಾವ್ನೆ, ನಿಮ್ಗೆ ಅವ್ನ ಕೈಲಿರೋದೇ ದೊಡ್ಡದಾಯ್ತು" ಎಂದೆ.

ಅವರು ಮುಚ್ಚಿಕೊಂಡರು. ಕೋಪ ಮಾಡಿಕೊಳ್ಳುವ ಮನುಷ್ಯರಲ್ಲ. ಕೊನೆಗೆ, ಒಬ್ಬ ಸಿಪಾಯಿ ಸಾಯುತ್ತಾ ತನ್ನ ಬಂದೂಕನ್ನು ಪಕ್ಕದವನ ಕೈಗೆ ಕೊಡುವ ಜಾಗ ಬಂತು. ತೆರೆಯ ತುಂಬ ಬಂದೂಕೇ. ಯಜಮಾನರು ಮುಂದಕ್ಕೆ ಬಾಗಿದರು. ಒಂದು ಸಲ ಲೊಚಗುಟ್ಟಿದರು. ನನ್ನ ಕಡೆ ತಿರುಗಿದ್ದು ಗೊತ್ತಾಯಿತು. ನಾನು ಮೊರದಿಂದ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಎದ್ದು ಹಸುವಿಗೆ ನೀರು ಕುಡಿಸಲು ಹೋದರು.

ಮರುದಿನ ಬೆಳಿಗ್ಗೆ ಮದ್ದೂರಿನಲ್ಲಿ ಮಳವಳ್ಳಿ ಬಸ್ಸಿಗೆಂದು ನಿಂತಿದ್ದವರು ನಿಂತ ಹಾಗೇ ಕುಸಿದರು. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಜನ ಸತ್ತವರ ಕೊನೆಯ ಮಾತನ್ನು ನೆನೆಯುತ್ತಾರೆ. ನನಗೆ ಉಳಿದಿರುವುದು ಕೊನೆಗೆ ಆಡದೆ ಹೋದ ಒಂದು ಮಾತು. ಆ ಬಂದೂಕಿನಲ್ಲಿ ಅವರು ಏನು ಕಂಡರು ಎಂಬುದು.

ಊರಲ್ಲಿ ಅವರನ್ನು ಮಿಲ್ಟ್ರಿ ಪುಟ್ಟಸ್ವಾಮಿ ಎನ್ನುತ್ತಿದ್ದರು. ಸೈನ್ಯದಲ್ಲಿ ಅವರದು ಬಂದೂಕು ರಿಪೇರಿಯ ಕೆಲಸ. ಊರಿನವರಿಗೆ ಇದು ಯಾವತ್ತೂ ಸಮಾಧಾನ ಕೊಡಲಿಲ್ಲ. ರಜೆಗೆ ಬಂದಾಗಲೆಲ್ಲ ಅರಳಿಕಟ್ಟೆಯಲ್ಲಿ ಯಾರಾದರೂ, "ಎಷ್ಟ್ ಜನಕ್ಕೆ ಗುಂಡು ಒಡ್ದೆ ಲಾ ಪುಟ್ಸಾಮಿ?" ಎಂದು ಕೇಳುವುದು, ಇವರು, "ಒಬ್ರಿಗೂ ಇಲ್ಲ ಕಣ್ಲಾ, ಒಡಿಯೋರ ಬಂದೂಕಿಗೆ ಸ್ಪ್ರಿಂಗ್ ಆಕ್ದೆ" ಎನ್ನುವುದು, ಕೇಳಿದವರು ಬೀಡಿ ಹಚ್ಚಿಕೊಂಡು ಎದ್ದು ಹೋಗುವುದು. ಮದುವೆಯಾದ ಹೊಸದರಲ್ಲಿ ನನಗೂ ಬೇಸರವಾಗುತ್ತಿತ್ತು. ಗೆಳತಿಯರ ಮುಂದೆ ಹೇಳಿಕೊಳ್ಳಲು ಒಂದು ಗಾಯವಾದರೂ ಬೇಡವೇ? ಅವರಿಗಿದ್ದದ್ದು ಎಡಗೈ ಹೆಬ್ಬೆರಳಿನ ಮೇಲೆ ಸ್ಕ್ರೂಡ್ರೈವರ್ ಜಾರಿದ ಗುರುತು.

ನಿವೃತ್ತಿಯಾದ ಮೇಲೆ ಮಳವಳ್ಳಿಯ ಒಂದು ಬ್ಯಾಂಕಿನಲ್ಲಿ ಗಾರ್ಡಾದರು. ಅಲ್ಲಿ ಅವರಿಗೆ ಕೊಟ್ಟದ್ದು ಹಳೆಯ ಜೋಡುನಳಿಗೆ ಬಂದೂಕು. ಅದನ್ನು ಅವರು ಎಣ್ಣೆ ಹಾಕಿ ಒರೆಸಿ ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದರೆಂದರೆ, ಬ್ಯಾಂಕಿಗೆ ಬಂದ ಹೆಂಗಸರು ಅದರ ಮರದ ಭಾಗದಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಳ್ಳಬಹುದಿತ್ತು. ವೈದ್ಯನಾಥಪುರದ ದೇವಸ್ಥಾನಕ್ಕೆ ಹೋದರೂ ಅವರು ಮೊದಲು ನೋಡುತ್ತಿದ್ದದ್ದು ಬಾಗಿಲಲ್ಲಿ ನಿಂತ ಕಲ್ಲಿನ ದ್ವಾರಪಾಲಕನನ್ನು. "ಈವಯ್ಯ ಸರ್ಯಾಗ್ ನಿಂತವ್ನೆ. ಗದೆ ಇಡಿದ್ರೆ ಇಂಗ್ ಇಡೀಬೇಕು" ಎಂದು ಮೆಚ್ಚಿದ ಮೇಲೆ ಒಳಗಿನ ದೇವರಿಗೆ ಕೈಮುಗಿಯುತ್ತಿದ್ದರು.

ಇಂಥವರ ಜೊತೆ ಸಿನಿಮಾ ನೋಡುವುದು ಒಂದು ಶಿಕ್ಷೆ. ಮದುವೆಯಾದ ವರ್ಷ ಮಂಡ್ಯದ ಟಾಕೀಸಿಗೆ ಕರೆದುಕೊಂಡು ಹೋಗಿದ್ದರು. ನಾನು ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಕನಕಾಂಬರ ಮುಡಿದಿದ್ದೆ. ತೆರೆಯ ಮೇಲೆ ನಾಯಕ ಹಳೆಯ ಕಾಲದ ಬಂದೂಕು ಹಿಡಿದು ಒಂದರ ಹಿಂದೊಂದು ಆರು ಗುಂಡು ಹೊಡೆದ. ಪಕ್ಕದಲ್ಲಿ ಕೂತಿದ್ದ ನನ್ನ ಹೊಸ ಗಂಡ ಎದ್ದು ನಿಂತು, "ಬೋಲ್ಟ್ ಎಳೀಲಾ! ಎಳೀದೆ ಎಂಗ್ಲಾ ಒಡೀತೀಯ?" ಎಂದು ಕೂಗಿದರು. ಮುಂದಿನ ಸಾಲಿನಿಂದ ಒಬ್ಬ ತಿರುಗಿ, "ಅಣ್ಣೋ, ಅವ್ನಿಗ್ ಬರಾಕಿಲ್ಲ. ನೀನೇ ಓಗಿ ಒಡ್ದು ಬುಡು. ನಾವು ಮನೆಗೋಯ್ತೀವಿ" ಎಂದ. ಟಾಕೀಸೆಲ್ಲ ನಕ್ಕಿತು. ನಾನು ಸೆರಗಿನೊಳಗೆ ಮುಖ ಮುಚ್ಚಿಕೊಂಡೆ.

ಆ ದಿನ ಬಸ್ಸಿನಲ್ಲಿ ಬರುವಾಗ ಮುನಿಸಿಕೊಂಡಿದ್ದ ನನಗೆ ಅವರು ಬೋಲ್ಟ್ ಎಂದರೇನು ಎಂದು ವಿವರಿಸಿದರು. ಹೊಸ ಹೆಂಡತಿಯನ್ನು ಸಮಾಧಾನ ಮಾಡುವ ಬೇರೆ ದಾರಿ ಅವರಿಗೆ ಗೊತ್ತಿರಲಿಲ್ಲ. ಹಳೆಯ ತ್ರೀ ನಾಟ್ ತ್ರೀ ಬಂದೂಕಿಗೆ ಬಲಗಡೆ ಒಂದು ಹಿಡಿ ಇರುತ್ತದೆ. ಒಂದು ಗುಂಡು ಹೊಡೆದ ಮೇಲೆ ಅದನ್ನು ಎತ್ತಿ, ಹಿಂದಕ್ಕೆ ಎಳೆದು, ಮುಂದಕ್ಕೆ ತಳ್ಳಿ, ಕೆಳಕ್ಕೆ ಕೂರಿಸಿದರೇ ಇನ್ನೊಂದು ಗುಂಡು. "ಅಂದ್ರೆ ಬಾಗಿಲ ಚಿಲಕ" ಎಂದೆ. ಅವರು ಸ್ವಲ್ಪ ಯೋಚಿಸಿ, "ಊಂ, ಚಿಲಕವೇ" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಚಿಲಕದ ಬಂದೂಕು. ಅದರ ನಂತರದ್ದು ಎಸ್‌ಎಲ್‌ಆರ್, ಒಂದು ಗುಂಡು ಹಾರಿದರೆ ಇನ್ನೊಂದು ತಾನೇ ಬಂದು ಕೂರುತ್ತದೆ. ಮೊದಲ ಸಲ ಎಳೆಯುವ ಹಿಡಿ ಅದಕ್ಕೆ ಎಡಗಡೆ. ಆಮೇಲೆ ಬಂದದ್ದು ಇನ್ಸಾಸ್, ಒಳಗಿನ ಗುಂಡು ಮಸುಕಾಗಿ ಹೊರಗೆ ಕಾಣುವ ಪ್ಲಾಸ್ಟಿಕ್ ಮ್ಯಾಗಜಿನ್ನಿನದು. ಕ್ಯಾಲೆಂಡರಿನ ಹಾಳೆಯ ಹಿಂದೆ ಅವರು ಬರೆದು ತೋರಿಸಿದ ಮೂರೂ ಚಿತ್ರ ಅಡುಗೆಮನೆಯ ಗೂಡಿನಲ್ಲಿ ಬಹಳ ದಿನ ಇದ್ದವು. ಹೀಗೆ ಹತ್ತನೇ ತರಗತಿ ಓದಿದ ನಾನು, ಬೇಳೆಯಲ್ಲಿ ಕಲ್ಲು ಆರಿಸುತ್ತಲೇ, ಯಾವ ಯುದ್ಧಕ್ಕೆ ಯಾವ ಬಂದೂಕು ಎಂದು ಹೇಳುವಷ್ಟಾದೆ.

ಸಿನಿಮಾದ ಬೇರೆ ಸುಳ್ಳುಗಳಿಗೆಲ್ಲ ಅವರು ಉದಾರಿಗಳು. ಒಬ್ಬನೇ ನಲವತ್ತು ಜನರನ್ನು ಕೊಂದರೂ ಸರಿ, ಎದೆಗೆ ಗುಂಡು ಬಿದ್ದವನು ಅಮ್ಮನನ್ನು ನೆನೆದು ಎರಡು ಚರಣ ಹಾಡಿದರೂ ಸರಿ. ಬಂದೂಕು ಮಾತ್ರ ಆ ಕಾಲದ್ದಾಗಿರಬೇಕು. ಯಾಕಿಷ್ಟು ಹಟ ಎಂದು ನಾನು ಒಂದೇ ಒಂದು ಸಲ ಸರಿಯಾಗಿ ಕೇಳಿದ್ದೆ. ಆಗ ಅವರು ಹೇಳಿದ್ದು: "ಚೀನಾ ಯುದ್ದದಲ್ಲಿ ನಮ್ಮೋರ ಕೈಲಿದ್ದದ್ದು ಚಿಲಕದ ಬಂದೂಕು ಕಣಮ್ಮಿ. ಆ ಚಳೀಲಿ, ಮರಗಟ್ಟಿದ್ ಕೈಲಿ, ಒಂದೊಂದ್ ಗುಂಡಿಗೂ ಚಿಲಕ ತೆಗ್ದು ಆಕಿ ಸತ್ತವ್ರೆ. ಎದುರಿಗೆ ಬಂದೋರ್ತಾವ ಅದಕ್ಕಿಂತ ಒಳ್ಳೇವಿದ್ವು. ಈಗ ಸಿನ್ಮಾದೋರು ಅವ್ರ ಕೈಗೆ ಒಳ್ಳೇ ರೈಫಲ್ ಕೊಟ್ಬುಟ್ರೆ, ಅವ್ರಿಗೆ ಆಗಿದ್ ಅನ್ಯಾಯ ಎಲ್ಲೋಯ್ತು? ಸತ್ತೋನ ಕೈಲಿ ಏನಿತ್ತೋ ಅದ್ನೇ ತೋರಿಸ್ಬೇಕು."

ಅಷ್ಟು ಉದ್ದದ ಮಾತನ್ನು ಅವರು ನನ್ನ ಹತ್ತಿರ ಬೇರೆ ಯಾವ ವಿಷಯಕ್ಕೂ ಆಡಿದ್ದು ನೆನಪಿಲ್ಲ.

ಇನ್ನು ಫ್ಲೆಕ್ಸಿನ ವಿಷಯ. ನಮ್ಮ ಕಡೆ ಈಗ ತಿಥಿಗೆ ಮುಂಚೆ ಊರ ಬಾಗಿಲಲ್ಲಿ ಫ್ಲೆಕ್ಸ್ ನಿಲ್ಲಿಸದಿದ್ದರೆ ಸತ್ತವರು ಸತ್ತ ಲೆಕ್ಕವಲ್ಲ. ಕಿರುಗಾವಲಿನಲ್ಲಿರುವ ನನ್ನ ಮೈದುನ ನಿಂಗರಾಜು ಓಡಾಡಿ ಮಾಡಿಸಿದ. ನಡುವೆ ಯಜಮಾನರ ಫೋಟೊ, ಕೆಳಗೆ ಕಂಬನಿ ಮಿಡಿದವರೆಂದು ಕಪ್ಪು ಕನ್ನಡಕ ಹಾಕಿದ ಊರ ಹುಡುಗರ ಸಾಲು, ಪಕ್ಕದಲ್ಲಿ ಬಂದೂಕು ಹಿಡಿದ ಸಿಪಾಯಿ. ಮೂರನೇ ದಿನ ಸಮಾಧಿಗೆ ಹಾಲು ತುಪ್ಪ ಬಿಟ್ಟು ಬರುವಾಗ ನೋಡಿದೆ. ಸಿಪಾಯಿಯ ಕೈಲಿದ್ದದ್ದು ಗಿಡ್ಡಗೆ, ಕರ್ರಗೆ, ಮೇಲೆ ದುರ್ಬೀನು ಕೂರಿಸಿದ ಯಾವುದೋ ಪರದೇಶದ ಬಂದೂಕು. ಹೆಂಗಸರು ನನ್ನನ್ನು ಹಿಡಿದುಕೊಂಡು ಅಳುತ್ತಿದ್ದರು. ನನಗೆ ಅಳು ನಿಂತುಹೋಯಿತು.

"ನಿಂಗರಾಜು, ಇದನ್ನ ಬದಲಾಯಿಸ್ಬೇಕು."

"ಯಾಕತ್ಗೆ? ಎಸ್ರು ತಪ್ಪಾಗೈತಾ?"

"ಬಂದೂಕು ತಪ್ಪಾಗೈತೆ."

ಅವನು ನನಗೆ ದುಃಖಕ್ಕೆ ತಲೆ ಕೆಟ್ಟಿತೆಂದುಕೊಂಡ. "ಯಾರ್ ನೋಡ್ತಾರೆ ಬುಡತ್ಗೆ" ಎಂದ. ನೋಡುತ್ತಿದ್ದವರು ಒಬ್ಬರೇ, ಅವರ ಫೋಟೊಗೇ ಹಾರ ಹಾಕಿತ್ತು.

ಅದಾದ ಮೇಲೆ ತಿಥಿಯವರೆಗೆ ನಾನು ಹೊಸ್ತಿಲು ದಾಟುವ ಹಾಗಿರಲಿಲ್ಲ. ಆದ್ದರಿಂದ ಮದ್ದೂರಿನ ಫ್ಲೆಕ್ಸ್ ಅಂಗಡಿಯ ಮಂಜಣ್ಣ ಮೊಬೈಲಿಗೆ ಒಂದೊಂದೇ ಚಿತ್ರ ಕಳಿಸಿದ, ನಾನು ಮೂಲೆಯಲ್ಲಿ ಚಾಪೆಯ ಮೇಲೆ ಕೂತು ಒಂದೊಂದೇ ಬೇಡವೆಂದೆ. ಇದು ಆಟದ ಸಾಮಾನು, ಇದು ರಷ್ಯಾದ್ದು, ಇದು ಪೊಲೀಸರದ್ದು. ಸೀರೆ ಅಂಗಡಿಯಲ್ಲಿ ಅಂಚು ಸರಿಯಿಲ್ಲ, ಸೆರಗು ಸರಿಯಿಲ್ಲ ಎಂದು ತೆಗೆಸುತ್ತೇವಲ್ಲ, ಹಾಗೆ. ನಮ್ಮ ದೊಡ್ಡತ್ತೆ ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಗಂಡ ಸತ್ತು ವಾರಾಗಿಲ್ಲ, ಈ ಮೂದೇವಿ ಕೋವಿ ಆರಿಸ್ತಾ ಕುಂತವ್ಳೆ" ಎಂದರು. ಕೊನೆಗೆ ಒಂದು ಎಸ್‌ಎಲ್‌ಆರ್ ಬಂತು. ಅವರು ಅತಿ ಹೆಚ್ಚು ರಿಪೇರಿ ಮಾಡಿದ್ದು ಅದನ್ನೇ. ಆದರೂ ಏನೋ ಸರಿಯಿಲ್ಲ ಅನ್ನಿಸಿತು. ಕ್ಯಾಲೆಂಡರಿನ ಚಿತ್ರ ನೆನೆದೆ. ಎಡಗಡೆ ಇರಬೇಕಾದ ಹಿಡಿ ಬಲಗಡೆ ಇತ್ತು.

ಮಂಜಣ್ಣನಿಗೆ ಫೋನು ಮಾಡಿದೆ. "ಚಿತ್ರ ಏನಾರ ತಿರುಗಿಸಿದ್ದೀಯಾ?"

ಅವನು ಬೆಚ್ಚಿದ. "ಊಂ ಕಣಮ್ಮ, ಸಿಪಾಯಿ ಸಾರ್ ಕಡೆ ಮಕ ಮಾಡ್ಕೊಂಡಿರ್ಲಿ ಅಂತ ಉಲ್ಟಾ ಮಾಡ್ದೆ. ನಿಮ್ಗೆಂಗ್ ಗೊತ್ತಾಯ್ತು?"

"ಸುಲ್ಟಾ ಮಾಡು" ಎಂದೆ.

ಹಾಗಾಗಿ ತಿಥಿಯ ದಿನ ಊರ ಬಾಗಿಲಲ್ಲಿ ನಿಂತ ಫ್ಲೆಕ್ಸಿನಲ್ಲಿ ಸಿಪಾಯಿ ನಮ್ಮ ಯಜಮಾನರಿಗೆ ಬೆನ್ನು ಮಾಡಿಕೊಂಡು ನಿಂತಿದ್ದ. ಬಂದವರೆಲ್ಲ, ಇದ್ಯಾಕೆ ಇವನು ಮುನಿಸಿಕೊಂಡವನಂತೆ ಆ ಕಡೆ ತಿರುಗಿದ್ದಾನೆ ಎಂದು ಕೇಳಿದರು. ಬಂದೂಕು ಸರಿಯಿದೆ ಎಂದು ಯಾರೂ ಹೇಳಲಿಲ್ಲ. ಹೇಳುವವರು ಬೇರೆ ಯಾರೂ ಇರಲಿಲ್ಲ.

ಕೆಲಸ ಮುಗಿದು, ಬಂದವರು ಹೊರಟು, ಮನೆ ತಣ್ಣಗಾದ ಮೇಲೆ ಅವರು ಲೊಚಗುಟ್ಟಿದ ಆ ಶಬ್ದ ನನ್ನ ಕಿವಿಗೆ ಮತ್ತೆ ಬಂತು. ಮಂಡ್ಯದಲ್ಲಿರುವ ಮಗಳು ಸಿನಿಮಾವನ್ನು ಫೋನಿನಲ್ಲೇ ಹುಡುಕಿ ಕೊಟ್ಟಳು. ಬೇಕಾದಲ್ಲಿ ನಿಲ್ಲಿಸಿ ನೋಡುವುದನ್ನೂ ಕಲಿಸಿದಳು. ಕೊನೆಯ ದೃಶ್ಯವನ್ನು ನಿಲ್ಲಿಸಿ ನೋಡಿದೆ. ಆಶ್ಚರ್ಯವೆಂದರೆ ಅಲ್ಲಿದ್ದದ್ದು ಚಿಲಕದ ಬಂದೂಕು. ಸಿನಿಮಾ ಪೂರ್ತಿ ತಪ್ಪು ಬಂದೂಕು ಹಿಡಿಸಿದ ಪುಣ್ಯಾತ್ಮರು, ಸಾಯುವವನ ಕೈಗೆ ಮಾತ್ರ ಸರಿಯಾದದ್ದನ್ನೇ ಕೊಟ್ಟಿದ್ದರು. ಹಿಡಿ ಬಲಗಡೆ ಇತ್ತು. ನನಗೆ ತಿಳಿದಷ್ಟರಲ್ಲಿ ತಪ್ಪೇನೂ ಇರಲಿಲ್ಲ.

ನಿಡಘಟ್ಟದ ಶಿವಣ್ಣ ಯಜಮಾನರ ಜೊತೆ ಸೈನ್ಯದಲ್ಲಿದ್ದವರು. ಮಾತಾಡಿಸಿಕೊಂಡು ಹೋಗಲು ಬಂದಾಗ ಫೋನು ಅವರ ಮುಂದೆ ಹಿಡಿದೆ. ಅವರು ಕನ್ನಡಕ ಮೇಲೆ ಕೆಳಗೆ ಮಾಡಿ ಬಹಳ ಹೊತ್ತು ನೋಡಿದರು.

"ತಂಗ್ಯವ್ವ, ನಾನು ಅಡ್ಗೆ ಮನೇಲಿದ್ದೋನು. ವರ್ಸಕ್ಕೊಂದ್ಸಲ ಫೈರಿಂಗ್‌ಗೆ ಕರೆಯೋರು, ಕಣ್ ಮುಚ್ಕೊಂಡು ಒಡ್ದು ಬತ್ತಿದ್ದೆ. ಇದ್ರಲ್ಲಿ ಚಪಾತಿ ತೋರ್ಸಿದ್ರೆ ಏಳ್ತಿದ್ದೆ, ಬೆಂದೈತೋ ಇಲ್ವೋ ಅಂತ." ಆಮೇಲೆ ಮೆಲ್ಲಗೆ, "ಪುಟ್ಸಾಮಿ ನನ್ ಸೌಟ್ಗೂ ಎಣ್ಣೆ ಆಕು ಅಂತಿದ್ದ" ಎಂದರು. ಇಬ್ಬರೂ ನಕ್ಕೆವು. ಅವರು ಕಾಫಿ ಕುಡಿಯದೆ ಎದ್ದು ಹೋದರು.

ಮೊನ್ನೆ ಅಂಗನವಾಡಿಯಲ್ಲಿ ಒಂದು ಪುಟ್ಟ ಹುಡುಗಿ ಕಡ್ಡಿ ಹಿಡಿದು ಎಲ್ಲರನ್ನೂ ಡಿಶುಂ ಡಿಶುಂ ಎಂದು ಹೊಡೆಯುತ್ತಾ ಬಂದಳು. ಬೈಯಬೇಕಾದ ನಾನು, "ಚಿಲಕ ಎಳೀನೇ ಇಲ್ವಲ್ಲವ್ವ" ಎಂದೆ. ಅವಳು ನನ್ನನ್ನೇ ನೋಡಿದಳು. ನಾನು ಎಳೆದು ತೋರಿಸಿದೆ: ಎತ್ತು, ಹಿಂದಕ್ಕೆ, ಮುಂದಕ್ಕೆ, ಕೆಳಕ್ಕೆ. ಅವಳು ಹಾಗೇ ಮಾಡಿದಳು. ಒಂದು ಗುಂಡಿಗೆ ಅಷ್ಟೆಲ್ಲ ಮಾಡಿ ಅವಳಿಗೆ ಬೇಗ ಸಾಕಾಯಿತು, ಕಡ್ಡಿ ಎಸೆದು ಜಾರುಬಂಡೆಗೆ ಓಡಿದಳು. ಎಲ್ಲರ ಕೈಗೂ ಚಿಲಕದ ಬಂದೂಕೇ ಇದ್ದಿದ್ದರೆ ಒಳ್ಳೆಯದಿತ್ತೇನೋ ಎಂದುಕೊಂಡೆ.

ಈಗ ಭಾನುವಾರ ಯುದ್ಧದ ಸಿನಿಮಾ ಬಂದರೆ ನಾನೇ ಹಾಕಿಕೊಂಡು ಕೂರುತ್ತೇನೆ. ಗುಂಡು ಎಣಿಸುತ್ತೇನೆ. ತಪ್ಪು ಕಂಡರೆ ದಿಂಬಿನ ಕಡೆ ತಿರುಗಿ, "ಸುಳ್ಳು" ಎನ್ನುತ್ತೇನೆ. ಬಾಯಿ ಮುಚ್ಚಿಕೋ ಎನ್ನುವವರಿಲ್ಲ. ಆ ಕೊನೆಯ ದೃಶ್ಯವನ್ನಂತೂ ಎಷ್ಟು ಸಲ ನೋಡಿದೆನೋ. ನನ್ನ ಕಣ್ಣಿಗೆ ಬೀಳದ ಯಾವುದೋ ಸಣ್ಣ ತಪ್ಪಿಗೆ ಲೊಚಗುಟ್ಟಿದರೋ, ಅಂತೂ ಒಂದಾದರೂ ಸರಿಯಾಯಿತಲ್ಲ ಎಂದೋ, ಅಥವಾ ಆ ಒಂದು ಸಲ ಬಂದೂಕನ್ನು ಬಿಟ್ಟು ಸಾಯುವವನನ್ನೇ ನೋಡಿ ಮರುಗಿದರೋ. ನಾನು ಮೊರದಿಂದ ತಲೆ ಎತ್ತಿದ್ದರೆ ಹೇಳುತ್ತಿದ್ದರು. ನನಗೆ ಇವತ್ತಿಗೂ ಗೊತ್ತಿಲ್ಲ.