ಹದಿನೇಳನೆಯ ಅಸ್ಸಾಮಿ ಹಾಡು

ಮಾರ್ಚ್ 9, ಭಾನುವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ಈ ದೇಶದ ಬೇಸಿಗೆ ವೇಳೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಬರೆಯಲು ಕೂತಿದ್ದೇನೆ. ಶುಕ್ರವಾರ ಸಂಜೆ ಎಡಿಸನ್ನಿನಲ್ಲಿ ಟ್ರೇನ್ ಇಳಿದಂದಿನಿಂದ ಮಾತಾಡಿದ್ದು ಇಬ್ಬರೊಂದಿಗೆ: ಅಂಗಡಿಯ ಕ್ಯಾಷಿಯರ್, ಫೋನಿನಲ್ಲಿ ಅಮ್ಮ.

ಜನವರಿ ಕೊನೆಯವರೆಗೂ ಪಕ್ಕದ ರೂಮಿನಲ್ಲಿ ಅಸ್ಸಾಮಿನ ಗೆಳತಿಯೊಬ್ಬಳಿದ್ದಳು. ಬೆಂಗಳೂರಿನಲ್ಲಿ ಆರು ವರ್ಷ ಇದ್ದವಳು, ಕನ್ನಡ ಚೆನ್ನಾಗಿ ಬರುತ್ತಿತ್ತು. ಭಾನುವಾರ ಅಡುಗೆ ಮಾಡುವಾಗ ತನ್ನ ಊರಿನ ಹಾಡು ಹಾಕುತ್ತಿದ್ದಳು. ನಾನು ಅರ್ಥ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಒಟ್ಟು ಹದಿನೇಳು: ಪ್ರೀತಿ ಎಂಟು, ನೆರೆ ನಾಲ್ಕು, ಬಡತನ ಐದು. ಚಹಾ ತೋಟದ ಕೂಲಿ, ದೋಣಿಯವನು, ಒಡೆಯನ ಕಣಜ ತುಂಬಿಸಿ ಬರಿಗೈಯಲ್ಲಿ ಮನೆಗೆ ಹೋಗುವವನು, ಎಲ್ಲರೂ ಆ ಐದರಲ್ಲಿದ್ದರು.

"ಹೊಟ್ಟೆಗಿಲ್ಲದವರ ಹಾಡಿಗೆ ಕುಣಿಯೋ ತಾಳ ಯಾಕೆ?" ಎಂದು ಒಮ್ಮೆ ಕೇಳಿದ್ದೆ.

"ಕೆಲಸ ಮಾಡ್ತಾ ಹಾಡೋದು ಕಣೇ. ಅಳ್ತಾ ಕೂತ್ರೆ ಕೈ ನಿಂತೋಗುತ್ತೆ," ಎಂದಳು.

ಹದಿನೇಳನೆಯದು ರೆಕಾರ್ಡ್ ಆದ ಹಾಡಲ್ಲ. ಅವಳ ತಾಯಿ ವಿಡಿಯೋ ಕಾಲಿನಲ್ಲಿ ಮಗ್ಗದ ಮುಂದೆ ಕೂತು ಗುನುಗುತ್ತಿದ್ದದ್ದು. ಬಿಹು ಹಬ್ಬಕ್ಕೆ ಗಮೋಸಾ, ಅಂದರೆ ಕೆಂಪಂಚಿನ ಬಿಳಿ ವಸ್ತ್ರ, ಕೈಯಾರೆ ನೇಯ್ದು ಬೇಕಾದವರಿಗೆ ಕೊಡುವುದು ಅವರ ಪದ್ಧತಿ. ಹಾಡಿನ ಹುಡುಗಿ ತನ್ನವನನ್ನು ನೆನೆಯುತ್ತ ನೇಯುತ್ತಾಳೆ. 'ಪ್ರೀತಿ' ಎಂದು ಬರೆದುಕೊಂಡೆ.

ವಾರದ ನಂತರ ಪಾತ್ರೆ ತೊಳೆಯುತ್ತ ಅವಳೇ ಹೇಳಿದಳು. "ಆ ಹುಡುಗಿ ನೇಯೋದು ಬೇರೆಯವರ ಮಗ್ಗದಲ್ಲಿ. ನೂಲೂ ಅವರದ್ದೇ. ಕೊಡೋಕೆ ಅವಳ ಹತ್ರ ಏನಿದೆ? ನಮ್ಮಮ್ಮನೂ ಹಾಗೇ ನೇಯ್ತಿದ್ರು. ಹಬ್ಬದ ದಿನ ನಮ್ಮನೇಲೇ ಒಂದು ಗಮೋಸಾ ಇರ್ತಿರಲಿಲ್ಲ. ಹಾಡಲ್ಲಿ ಕೊನೆಗೆ ಅವಳು ಅವನಿಗೆ ಏನೋ ಕೊಡ್ತಾಳೆ, ಅಮ್ಮನ್ನ ಕೇಳಿ ಹೇಳ್ತೀನಿ."

ನಾನು ಕೈ ಒರೆಸಿಕೊಂಡು ಹೋಗಿ 'ಪ್ರೀತಿ' ಹೊಡೆದುಹಾಕಿ 'ಬಡತನ' ಎಂದು ಬರೆದೆ. ಪಕ್ಕದಲ್ಲಿ, 'ಆಧಾರ: ಇವಳ ತಾಯಿ, ಕೂಲಿಗೆ ನೇಯುತ್ತಿದ್ದರು.'

ಸಂಕ್ರಾಂತಿಗೆ ಕುಸುರೆಳ್ಳು ಕೊಡಲು ಕೆಳಗಿನ ಮನೆಯ ಧಾರವಾಡದ ಆಂಟಿ ಬಂದರು. "ಏನವಾ, ಏನ್ ಬರದೀ ಇದರಾಗ?" ಎಂದು ನೋಟ್‌ಬುಕ್ ನೋಡಿ ಕೇಳಿದರು. ಗೆಳತಿ ಎದುರಿಗೇ ಇದ್ದಳು. ನಾನು ಹೆಮ್ಮೆಯಿಂದ ಹದಿನೇಳನ್ನೂ ಓದಿದೆ, ಆಧಾರ ಸಮೇತ.

"ಅಯ್ಯ ಪಾಪ," ಎಂದರು ಆಂಟಿ ಅವಳತ್ತ ತಿರುಗಿ. "ಭಾಳ ತ್ರಾಸ ತಗೊಂಡಾರ ನಿಮ್ಮ ಅವ್ವಾರು."

ಅವಳು ನಕ್ಕಳು, ಆಂಟಿಗೆ ಚಹಾ ಮಾಡಿಕೊಟ್ಟಳು. ಅವರು ಹೋದ ಮೇಲೆ ಲೋಟ ತೊಳೆದಿಡುತ್ತ, "ಅದು ನಿನಗೆ ಹೇಳಿದ್ದು ಕಣೇ. ಬುಕ್ಕಿಗಲ್ಲ," ಎಂದಳು.

ಮೂರು ಸಲ ಸಾರಿ ಕೇಳಿದೆ, ಎರಡು ಸಲ ಮೆಸೇಜಿನಲ್ಲಿ. ಮೂರಕ್ಕೂ "ಇರಲಿ ಬಿಡು" ಎಂದಳು. ತಿಂಗಳ ಕೊನೆಗೆ, ಕಮ್ಯೂಟ್ ಸುಲಭ ಎಂದು ಹೇಳಿ ಫ್ಲೋರಲ್ ಪಾರ್ಕ್ ಎಂಬ ಊರಿಗೆ ಮನೆ ಬದಲಾಯಿಸಿದಳು. ಆ ಹಾಳೆಯನ್ನು ನಾನು ಹರಿದುಹಾಕಿದ್ದೇನೆ. ಇದನ್ನು ಅವಳಿಗೆ ಹೇಗೆ ಹೇಳಬೇಕೋ ತಿಳಿದಿಲ್ಲ. ಹಾಡಿನ ಕೊನೆ ಏನಾಯಿತೆಂದು ಈಗ ಕೇಳಿದರೆ, ನಾನು ಮತ್ತೆ ಪಟ್ಟಿಗೆಂದೇ ಕೇಳುತ್ತಿದ್ದೇನೆ ಎಂದುಕೊಂಡಾಳು.

ಏನೂ ತನ್ನದಲ್ಲದ ಆ ಹುಡುಗಿ ಹಬ್ಬದ ದಿನ ಅವನಿಗೆ ಏನು ಕೊಡುತ್ತಾಳೆ? ಅಸ್ಸಾಮಿನ ಮಗ್ಗದ ಹಾಡುಗಳನ್ನು ಬಲ್ಲ ಓದುಗರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಯಾರಿಂದ ಕೇಳಿದಿರಿ ಎಂದು ಬರೆಯುವುದು ಬೇಡ.