ಏಳರ ಚೀಟಿ, ಐದರ ಜಂಪರ್

ರಿಪೇರಿ ಮಾಡುವವರ ನಡುವೆ ಅವರಿಗೆ ‘ಚೀಟಿ ಮೇಷ್ಟ್ರು’ ಎಂದೇ ಹೆಸರು. ಹಳೇ ಕಂಪ್ಯೂಟರಿಗೆ ಯಾವ ಕಾರ್ಡು ಹಾಕಿದರೂ ಅದಕ್ಕೆ ಕೊಟ್ಟ ನಂಬರನ್ನು ಚೀಟಿಯಲ್ಲಿ ಬರೆದು, ಮುಚ್ಚಳದ ಒಳಗೆ ಅಂಟಿಸಿಯೇ ಏಳುತ್ತಿದ್ದರು. ಈಗಿನ ಮಷೀನುಗಳಿಗೆ ಆ ರಗಳೆಯೇ ಇಲ್ಲ ಬಿಡಿ. ಸ್ವಿಚ್ ಒತ್ತಿದೊಡನೆ ಕಾರ್ಡು ಕೂರುವ ಒಂದೊಂದೇ ಸ್ಲಾಟನ್ನು ‘ಯಾರು ನೀನು, ನಿನಗೇನು ಬೇಕು’ ಎಂದು ವಿಚಾರಿಸಿ, ತಾವೇ ನಂಬರು ಹಂಚುತ್ತವೆ. ಹಳೆಯವು ಕೇಳುವುದೂ ಇಲ್ಲ, ಕಾರ್ಡು ಹೇಳುವುದೂ ಇಲ್ಲ. ಕಾರ್ಡಿನ ಮೇಲಿರುವ, ಜಂಪರ್ ಎಂಬ ಅಕ್ಕಿಕಾಳಿನಷ್ಟು ಕ್ಲಿಪ್ಪನ್ನು ಕೈಯಾರೆ ಕಿತ್ತು, ಬೇಕಾದ ನಂಬರಿನ ಲೋಹದ ಕಡ್ಡಿಗೆ ಸಿಕ್ಕಿಸಬೇಕು. ಎರಡು ಕಾರ್ಡಿಗೆ ಒಂದೇ ನಂಬರು ಬಿತ್ತೋ, ಮಷೀನು ಗರಬಡಿದಂತೆ ನಿಂತುಬಿಡುತ್ತದೆ.

ಅಂದು ಆಸ್ಪತ್ರೆಯ ಕಿವಿ ಪರೀಕ್ಷೆಯ ಕೋಣೆಯಲ್ಲಿ ಹಾಗೇ ಆಯಿತು. ಮೇಷ್ಟ್ರು ಅಲ್ಲಿನ ಹಳೇ ಕಂಪ್ಯೂಟರಿಗೆ ಹೊಸದಾಗಿ ಶಬ್ದದ ಕಾರ್ಡು ಹಾಕಿ ಮೂರು ಸಲ ಆನ್ ಮಾಡಿದರು. ಮೂರು ಸಲವೂ ಮಷೀನು ಅರ್ಧಕ್ಕೇ ನಿಂತಿತು. ಬಾಗಿಲಲ್ಲಿ ಮಗು ಎತ್ತಿಕೊಂಡು ಒಬ್ಬ ತಾಯಿ ಕಾಯುತ್ತಿದ್ದಳು.

“ಕಾರ್ಡು ಸತ್ತಿದೆ. ಇದು ಬಿಟ್ರೆ ಇನ್ನೊಂದು ಸಿಗಲ್ಲ. ಮಷೀನ್ ಗುಜರಿಗೇ,” ಎಂದುಬಿಟ್ಟರು.

ಜೊತೆಗೆ ಕೆಲಸ ಮಾಡುವ ಮಗಳು ಬಗ್ಗಿ ನೋಡಿದಳು. ಅಪ್ಪ ಆಗತಾನೇ ಅಂಟಿಸಿದ ಚೀಟಿಯಲ್ಲಿ ಏಳು ಎಂದು ಬರೆದಿತ್ತು, ಜಂಪರ್ ಐದರಲ್ಲಿ ಕೂತಿತ್ತು. ಪಕ್ಕದ ಕಾರ್ಡೂ ಐದೇ.

“ಅಪ್ಪಾ, ಇನ್ನೊಂದ್ಸಲ ನೋಡು.”

“ಮೂವತ್ತು ವರ್ಷದಿಂದ ನೋಡ್ತಿದೀನಿ, ನನಗೇ ಪಾಠ ಹೇಳ್ತೀಯಾ!”

ಅಬ್ಬಾ, ಆ ಸಿಟ್ಟು! ಸಿಟ್ಟೇನು ಬಂತು, ಅದು ಭಯ. ಒಂದು ವರ್ಷದಿಂದ ಆ ಕಡ್ಡಿಗಳು ಅವರಿಗೆ ಬರೀ ಮಸುಕು. ಬೆರಳಿನ ಅಂದಾಜಿನಲ್ಲೇ ದಿನ ತಳ್ಳುತ್ತಿದ್ದರು. ಯಾರಿಗಾದರೂ ಗೊತ್ತಾದರೆ ಕೆಲಸ ಕೈಬಿಟ್ಟು ಹೋಗುತ್ತದೆ, ಕೆಲಸವಿಲ್ಲದ ತಮ್ಮನ್ನು ಅವರು ಯಾವತ್ತೂ ಕಂಡವರಲ್ಲ.

“ಹಾಗಾದ್ರೆ ನಾವು ಹೊರಡೋದಾ?” ಎಂದಳು ತಾಯಿ. “ಇವನಿಗೆ ಕೇಳಿಸುತ್ತೋ ಇಲ್ವೋ ಇವತ್ತಾದ್ರೂ ಗೊತ್ತಾಗುತ್ತೆ ಅಂದ್ಕೊಂಡಿದ್ದೆ.”

ಮೇಷ್ಟ್ರು ಮುಚ್ಚಲು ಎತ್ತಿಕೊಂಡಿದ್ದ ಮುಚ್ಚಳವನ್ನು ಕೆಳಗಿಟ್ಟರು.

“ಸ್ವಲ್ಪ ತಾಳಮ್ಮ.” ಮಗಳತ್ತ ತಿರುಗಿದರು. “ಜಂಪರ್ ಎಷ್ಟರಲ್ಲಿದೆ?”

“ಐದರಲ್ಲಿ.”

“ನನಗೆ ಕಾಣಿಸ್ತಿಲ್ಲ ಕಣೇ.”

“ಎಷ್ಟು ದಿನದಿಂದಪ್ಪ?”

“ವರ್ಷ ಆಯ್ತು. ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.”

ಮಗಳು ತುಟಿ ಕಚ್ಚಿಕೊಂಡು ಜಂಪರನ್ನು ಏಳಕ್ಕೆ ಸರಿಸಿದಳು. ಮಷೀನು ಎದ್ದಿತು. ಸ್ಪೀಕರ್ ಪೆಟ್ಟಿಗೆಯಿಂದ ಮೊದಲ ಶಬ್ದ ಹೊರಟಾಗ ಮಗು ತಟ್ಟನೆ ಆ ಕಡೆ ತಿರುಗಿತು. ತಾಯಿ ಬಿಕ್ಕಿ ಬಿಕ್ಕಿ ಅತ್ತಳು.

ಮೇಷ್ಟ್ರು ಜೇಬಿನಿಂದ ಪೆನ್ನು, ಉಳಿದ ಚೀಟಿಗಳನ್ನು ತೆಗೆದು ಮಗಳ ಕೈಗಿಟ್ಟರು.

“ಇನ್ಮೇಲೆ ನೀನೇ ಬರಿಯಮ್ಮ.”